ದರ್ಜಿಯಮ್ಮನ ಕೋಟು ಮತ್ತು ತುರ್ಕಿ ಮಾತಿನ ಬಾಲಗಳು

ದರ್ಜಿಯಮ್ಮನಿಗೆ ಅರವತ್ತೆರಡು. ಅವಳು ಈವರೆಗೆ ಹೊಲಿದ ಬಟ್ಟೆಗಳನ್ನೆಲ್ಲ ಒಂದೇ ಹಗ್ಗಕ್ಕೆ ಒಣಹಾಕಿದರೆ, ಹಗ್ಗ ಭೂಮಿಗೆ ಎರಡು ಸುತ್ತು ಬಂದು ಉಳಿದ ತುದಿಯನ್ನು ಚಂದ್ರನಿಗೆ ಗಂಟು ಹಾಕಬಹುದಿತ್ತು. ಅಂಥವಳು ತುರ್ಕಿ ಭಾಷೆಯ ಸಂಜೆ ತರಗತಿಗೆ ಸೇರಿದ್ದು ಒಂದು ಕೋಟಿನ ದೆಸೆಯಿಂದ.

ಮಗಳು ತುರ್ಕಿ ಮಾತಾಡುವವರ ಮನೆಗೆ ಸೊಸೆಯಾಗಿ ಹೋಗಿದ್ದಳು. ಬೀಗಿತ್ತಿಗೆಂದು ಅಮ್ಮ ತಿಂಗಳುಗಟ್ಟಲೆ ಕೂತು ಉಣ್ಣೆಯ ಕೋಟು ಹೊಲಿದು ಕಳಿಸಿದರೆ, ಮಗಳು ಅಲ್ಲಿ "ದೊಡ್ಡ ಅಂಗಡಿಯದು" ಎಂದುಬಿಟ್ಟಿದ್ದಳು. ಮನೆಯಲ್ಲಿ ಹೊಲಿದದ್ದೆಂದರೆ ಹಗುರಾಗಿ ಕಾಣುತ್ತಾರೆಂಬ ಅಳುಕು. ಆಮೇಲೆ ಫೋನಿನಲ್ಲಿ ತಾನೇ ಬಾಯಿಬಿಟ್ಟಳು. ಬೀಗಿತ್ತಿ ಮುಂದಿನ ತಿಂಗಳು ಮನೆಗೆ ಬರುವವಳಿದ್ದಳು. ಅಷ್ಟರಲ್ಲಿ, ಮಗಳನ್ನು ನಡುವೆ ಬಿಡದೆ, ಆ ಕೋಟು ತನ್ನ ಕೈಯದೆಂದು ದರ್ಜಿಯಮ್ಮ ತಾನೇ ಹೇಳುವಂತಾಗಬೇಕಿತ್ತು.

ಅದನ್ನು ತುರ್ಕಿಯಲ್ಲಿ ಹೇಳುವುದು ಹೇಗೆಂದು ಕೇಳಿದ್ದಕ್ಕೆ ಮೇಷ್ಟ್ರು ಹಲಗೆಯ ತುಂಬ ಬಾಣ ಎಳೆದು, "ಯಾವ ಕೋಟನ್ನು ನಾನು ಹೊಲಿದೆನೋ, ಆ ಕೋಟು" ಎಂದು ವಿವರಿಸಿದರು. "ಕಷ್ಟದ ಪಾಠ ಅಮ್ಮಾ. ಈ ವಯಸ್ಸಲ್ಲಿ ನಮಸ್ಕಾರ, ಧನ್ಯವಾದ ಕಲಿತರೆ ಸಾಕು."

"ಧನ್ಯವಾದ ಹೇಳೋಕೆ ಬಂದಿಲ್ಲ ಮೇಷ್ಟ್ರೇ, ಜಗಳ ಆಡೋಕೆ ಬಂದಿದೀನಿ. ನಾವು ‘ನಾನು ಹೊಲಿದ ಕೋಟು’ ಅಂತೀವಿ, ಅವರೂ ಹಂಗೇ ಅಂತಾರೆ. ನೀವ್ಯಾಕೆ ಊರೆಲ್ಲ ಸುತ್ತಿ ಹಿತ್ತಲಿಂದ ಮನೆ ಸೇರ್ತೀರಿ?"

ಮನೆಗೆ ಬಂದವಳೇ ಬಟ್ಟೆಯ ಮೂರು ತುಂಡು ಕತ್ತರಿಸಿದಳು. ನೀಲಿಯದು ‘ದಿಕ್’, ಅಂದರೆ ಹೊಲಿ. ಬೂದಿಯದು ‘ತಿಯ್’, ಅದು ಸೇರಿದರೆ ಹೊಲಿದ. ಕೆಂಪಿನದು ‘ಇಮ್’, ಹೊಲಿದವಳು ನಾನೇ. ಕಚ್ಚಾ ಹೊಲಿಗೆ ಹಾಕುವುದು, ತಪ್ಪಿದರೆ ನೂಲೆಳೆದು ಬಿಚ್ಚುವುದು. ಪದದ ಹಿಂದೆ ಅಂಟುವ ಬಾಲದ ಸ್ವರ ಮೂಲ ಪದಕ್ಕೆ ಹೊಂದಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ; ನೂಲಿನ ಬಣ್ಣ ಬಟ್ಟೆಗೆ ಹೊಂದಿಸುವುದರಲ್ಲೇ ಅವಳ ಕಣ್ಣು ಸವೆದಿತ್ತು.

"ತರಗತಿಗೆ ಚಿಂದಿ ತರಬೇಡಿ" ಎಂದರು ಮೇಷ್ಟ್ರು. ಮರುದಿನ ಅವನ್ನು ತೋಳಿಗೇ ಹೊಲಿದುಕೊಂಡು ಬಂದಳು. "ಈಗ ಚಿಂದಿ ಅಲ್ಲ, ಉಡುಪು. ಬೇಕಾದ್ರೆ ನನ್ನನ್ನೇ ಹೊರಗೆ ಹಾಕಿ."

ಮೇಷ್ಟ್ರು ಹಲಗೆಯ ಕಡೆ ತಿರುಗಿಕೊಂಡರು.

ಬೀಗಿತ್ತಿ ಸೊಸೆಯೊಂದಿಗೆ ಬಂದಳು, ಮೈಮೇಲೆ ಅದೇ ಕೋಟು. ಮಗಳು ಬಾಯಿ ತೆರೆಯುವ ಮೊದಲೇ, "ನೀನು ಸುಮ್ನಿರೇ" ಎಂದು ದರ್ಜಿಯಮ್ಮ ಎದುರು ನಿಂತಳು.

"ಬು, ಬೆನಿಮ್ ದಿಕ್ತಿಯಿಮ್ ಪಾಲ್ತೊ." ಇದು ನಾನು ಹೊಲಿದ ಕೋಟು.

ಬೀಗಿತ್ತಿಯ ಹುಬ್ಬು ತಲೆಕೂದಲಿನೊಳಗೆ ಹೋಗಿ ಮಾಯವಾಯಿತು. ದರ್ಜಿಯಮ್ಮ ಕೋಟಿನ ಕಾಲರ್ ಮಡಿಸಿ ತೋರಿಸಿದಳು: ಅಡಿಯಲ್ಲಿ ಎರಡು ಕೆಂಪು ಹೊಲಿಗೆ, ತಾನು ಹೊಲಿದ ಪ್ರತಿಯೊಂದಕ್ಕೂ ಅವಳು ಹಾಕುವ ಗುರುತು. ತನ್ನ ಕಾಲರನ್ನೂ ಮಡಿಸಿದಳು. ಅಲ್ಲೂ ಎರಡು.

ಬೀಗಿತ್ತಿ ಸೊಸೆಯನ್ನೊಮ್ಮೆ ದಿಟ್ಟಿಸಿ, ದರ್ಜಿಯಮ್ಮನ ಕೈ ಹಿಡಿದು ಪಟಪಟನೆ ಏನೇನೋ ಹೇಳತೊಡಗಿದಳು.

"ಅಮ್ಮಾ, ಅತ್ತೆ ಏನಂತಾರೆ ಅಂದ್ರೆ..."

"ನಿನ್ನ ಬಾಯಿಗೂ ಎರಡು ಕೆಂಪು ಹೊಲಿಗೆ ಹಾಕ್ತೀನಿ ನೋಡು."

ದರ್ಜಿಯಮ್ಮ ಕುರ್ಚಿ ಎಳೆದು ಬೀಗಿತ್ತಿಯ ಮೊಣಕಾಲಿಗೆ ಮೊಣಕಾಲು ತಗಲುವಂತೆ ಕೂತಳು.

"ಯವಾಶ್" ಎಂದಳು. ನಿಧಾನ.