ರೋಮಿಗೆ ಹೊರಟ ಕುಕ್ಕರ್

ಮೊದಲು ಒಂದು ತಪ್ಪೊಪ್ಪಿಗೆ. ನಾನು ಕತಾರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ನನ್ನ ಹೊಟ್ಟೆ ಮಾತ್ರ ಇನ್ನೂ ಮೂಲ್ಕಿ ಬಿಟ್ಟಿಲ್ಲ. ಆಫೀಸಿನ ಪಾರ್ಟಿಯಲ್ಲಿ ಏನೇನು ತಿಂದು ಬಂದರೂ ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಜೊತೆಗೊಂದು ಮಾವಿನ ಮಿಡಿ ಸಿಗದಿದ್ದರೆ ಊಟ ಆಯಿತು ಎಂಬ ನಂಬಿಕೆಯೇ ನನಗೆ ಬರುವುದಿಲ್ಲ. ಇಂಥ ಹೊಟ್ಟೆ ಹೊತ್ತುಕೊಂಡು ಇಟಲಿಗೆ ಹೊರಟೆ ಎಂದರೆ ನೀವು ನಗುತ್ತೀರಿ. ನಗಿ, ನಾನೂ ಈಗ ನಗುತ್ತಿದ್ದೇನೆ.

ಇಟಲಿ ನನ್ನ ಆಸೆಯಲ್ಲ, ನನ್ನ ಹೆಂಡತಿ ವಾರಿಜಾಳದ್ದು. ಮಂಗಳೂರಿನ ಒಂದು ಹಳೆಯ ಚಾಪೆಲ್‌ನ ಗೋಡೆ, ಚಾವಣಿಗಳ ತುಂಬ ಇಟಲಿಯಿಂದ ಬಂದವರೊಬ್ಬರು ಬಿಡಿಸಿದ ಚಿತ್ರಗಳಿವೆ. ಕಾಲೇಜಿಗೆ ಹೋಗುವಾಗ ಅವಳು ಅಲ್ಲಿಯ ಬೆಂಚಿನಲ್ಲಿ ಕೂತು ಕತ್ತು ನೋಯುವ ತನಕ ಮೇಲೆ ನೋಡುತ್ತಿದ್ದಳಂತೆ. ಇಂಥವು ಇನ್ನೂ ಎಷ್ಟಿವೆಯೋ ಆ ದೇಶದಲ್ಲಿ ಎಂದು ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿದ್ದಳು. ಹೋಗೋಣ ಎಂದಿದ್ದೆ. ಆಮೇಲೆ ವರ್ಷ ವರ್ಷವೂ ರಜೆ ಸಿಕ್ಕಿತು, ವರ್ಷ ವರ್ಷವೂ ಊರಿಗೆ ಹೋದೆವು. ಊರಿನಲ್ಲಿ ನನಗೆ ರಜೆ. ಅವಳಿಗೆ ಐನ್ ಖಾಲಿದ್‌ನ ಅಡುಗೆಮನೆಯಿಂದ ಮೂಲ್ಕಿಯ ಅಡುಗೆಮನೆಗೆ ವರ್ಗಾವಣೆ, ಅಷ್ಟೇ. ಹಾಗಾಗಿ ಈ ಸಲದ ಈದ್ ರಜೆಯ ಆರು ದಿನದ ರೋಮ್ ಪ್ರವಾಸ ಅವಳ ಪಾಲಿನ ಮೊದಲ ರಜೆಯಾಗಿತ್ತು. ಈ ಲೆಕ್ಕ ಆಗ ನನ್ನ ತಲೆಗೆ ಹೋಗಿರಲಿಲ್ಲ.

ನಾನು ಕೆಲಸ ಮಾಡುವುದು ಒಂದು ಕಟ್ಟಡ ಕಂಪನಿಯಲ್ಲಿ, ಡಾಕ್ಯುಮೆಂಟ್ ಕಂಟ್ರೋಲರ್ ಆಗಿ. ಹೆಸರು ದೊಡ್ಡದು, ಕೆಲಸ ಸಣ್ಣದು. ಇಂಜಿನಿಯರುಗಳ ನಕ್ಷೆಗಳಿಗೆ ನಂಬರ್ ಹಾಕಿ, ಯಾರ್ಯಾರು ನೋಡಬೇಕೋ ಅವರಿಗೆಲ್ಲ ಕಳಿಸಿ, ಒಪ್ಪಿಗೆಯ ಸಹಿ ಬಂದ ಮೇಲೆ ಕಪಾಟಿನಲ್ಲಿಡುವುದು. ತಿದ್ದಿದಾಗಲೆಲ್ಲ ರಿವಿಷನ್ ಒಂದು, ರಿವಿಷನ್ ಎರಡು ಎಂದು ಮೇಲೆ ಬರೆಯುವುದು. ರೋಮಿನಲ್ಲಿ ಎಲ್ಲಿ ಇಳಿದುಕೊಳ್ಳಬೇಕು, ಎಲ್ಲಿ ಉಣ್ಣಬೇಕು ಎಂಬುದಕ್ಕೂ ನಾನು ಹಾಗೆಯೇ ಒಂದು ಪಟ್ಟಿ ಮಾಡಿದೆ. ಹೊರಡುವ ವಾರಕ್ಕೆ ಅದು ರಿವಿಷನ್ ಏಳಕ್ಕೆ ಬಂದಿತ್ತು.

ಹೋಟೆಲುಗಳ ಬಗ್ಗೆ ಜನ ಬರೆಯುವ ಅಭಿಪ್ರಾಯಗಳನ್ನು ನೀವು ಓದಿದ್ದೀರಾ? ರೈಲ್ವೆ ಸ್ಟೇಷನ್ ಹತ್ತಿರವಿದೆ ಎಂದು ಒಬ್ಬ ಹತ್ತಕ್ಕೆ ಹತ್ತು ಕೊಟ್ಟರೆ, ಅದೇ ಸ್ಟೇಷನ್ ಹತ್ತಿರವಿದೆ ಎಂದು ಇನ್ನೊಬ್ಬ ಎರಡು ಕೊಡುತ್ತಾನೆ. ಒಬ್ಬಾಕೆ ಹಾಸಿಗೆ, ನೀರು, ಕಿಟಕಿ ಎಲ್ಲವನ್ನೂ ಬೈದು, ಮಾಲೀಕರು ತುಂಬ ಒಳ್ಳೆಯವರು, ಮುಂದಿನ ವರ್ಷ ಮತ್ತೆ ಬರುತ್ತೇವೆ ಎಂದು ಮುಗಿಸಿದ್ದಳು. ಓದುತ್ತಾ ಹೋದಂತೆ ಮನುಷ್ಯರ ಮೇಲೆ ಪ್ರೀತಿ ಬಂತೇ ವಿನಾ ಒಂದು ಹೋಟೆಲೂ ನಿಶ್ಚಯವಾಗಲಿಲ್ಲ.

ಕೊನೆಗೆ ಇಲ್ಲೇ ಅಲ್ ರಯ್ಯಾನ್‌ನಲ್ಲಿರುವ ಹಮೀದಾಕನನ್ನು, ಅಂದರೆ ನಮ್ಮ ಹಮೀದಣ್ಣನನ್ನು, ಕೇಳಿದೆ. ಉಳ್ಳಾಲದ ಕಡೆಯವರು, ಬಟ್ಟೆ ವ್ಯಾಪಾರ, ನನಗಿಂತ ಹತ್ತು ವರ್ಷ ಮೊದಲೇ ಇಲ್ಲಿಗೆ ಬಂದವರು. ಕುಟುಂಬ ಸಮೇತ ಎರಡು ಸಲ ಇಟಲಿ ನೋಡಿ ಬಂದಿದ್ದಾರೆ.

"ಕಿಚನ್ ಇರುವ ಫ್ಲ್ಯಾಟ್ ತಗೊಳ್ಳಿ ಮಾರಾಯ್ರೆ," ಎಂದರು. "ಹೊರಗೆ ಎಂತ ಹಾಕ್ತಾರೋ ಏನೋ, ನಮಗೆ ಹೇಗೆ ಗೊತ್ತಾಗ್ಬೇಕು? ಒಂದು ಕುಕ್ಕರ್, ಎರಡು ಕಿಲೋ ಅಕ್ಕಿ. ಖಲಾಸ್! ಟೆನ್ಷನ್ನೇ ಇಲ್ಲ."

ನನ್ನ ಹೊಟ್ಟೆ ಅಲ್ಲೇ ಕುಣಿದುಬಿಟ್ಟಿತು. ನಮ್ಮ ಕರಾವಳಿಯ ಗಲ್ಫಿನವರ ಪದ್ಧತಿಯೇ ಅದು. ಲಂಡನ್ನಿಗೆ ಹೋಗಲಿ, ಇಸ್ತಾಂಬುಲ್ಲಿಗೆ ಹೋಗಲಿ, ಮೊದಲು ಹುಡುಕುವುದು ಒಲೆಯನ್ನು. ಇದಕ್ಕೆ ಪರಂಪರೆಯ ಬೆಂಬಲವೂ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಿಂದೆ ಕಾಶಿಗೆ ಹೋಗುವವರು ಅಕ್ಕಿಬೇಳೆ ಕಟ್ಟಿಕೊಂಡು, ದಾರಿಯಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಂಡೇ ಹೋಗುತ್ತಿದ್ದರಲ್ಲವೇ? ಆ ಮೂರು ಕಲ್ಲಿನ ಮುಂದೆ ಹೊಗೆ ಕುಡಿಯುತ್ತ ಯಾರು ಕೂತಿರುತ್ತಿದ್ದರು ಎಂದು ಮಾತ್ರ ಯೋಚಿಸಲಿಲ್ಲ. ಇನ್ನೊಂದು ತಮಾಷೆ ನೋಡಿ. ಇಟಲಿಯವರ ಟೊಮೆಟೊ, ನಮ್ಮ ಮೀನುಸಾರಿನ ಕೆಂಪು ಮೆಣಸು ಎರಡೂ ಒಂದೇ ದೂರದ ಖಂಡದಿಂದ ಹಡಗು ಹತ್ತಿ ಬಂದವು. ಯಾರದೋ ಊರಿನ ಮೆಣಸನ್ನು ನಮ್ಮದು ಮಾಡಿಕೊಂಡ ಹೊಟ್ಟೆ, ಆರು ದಿನ ಬೇರೆಯವರ ಅಡುಗೆ ಉಣ್ಣಲು ಹೆದರುತ್ತದೆ!

ಅಂತೂ ಫ್ಲ್ಯಾಟ್ ಬುಕ್ ಮಾಡಿದೆ. ನಾಲ್ಕು ಒಲೆ, ದೊಡ್ಡ ಸಿಂಕ್. ಫೋಟೋಗಳನ್ನು ಹೆಮ್ಮೆಯಿಂದ ವಾರಿಜಾಳಿಗೆ ತೋರಿಸಿದೆ. ಅವಳು ಒಂದೊಂದಾಗಿ ನೋಡಿದಳು. ಒಲೆಯ ಫೋಟೋ ಬಂದಾಗ ಸ್ವಲ್ಪ ನಿಂತಳು.

"ಪಾತ್ರೆ ತೊಳೆಯುವ ಸೋಪು ಅವರೇ ಕೊಡ್ತಾರಾ, ಅಲ್ಲ ನಾನು ಇಲ್ಲಿಂದಲೇ ತಗೊಳ್ಬೇಕಾ?"

ಕುಹಕ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದಳು. ನಾನು ದಡ್ಡ, "ಅವರೇ ಕೊಡ್ತಾರೆ, ನೀನು ಚಿಂತೆ ಮಾಡ್ಬೇಡ," ಎಂದು ಭರವಸೆ ಕೊಟ್ಟೆ.

ಹೊರಡುವುದಕ್ಕೆ ಮೂರು ದಿನ ಮೊದಲು, ಶುಕ್ರವಾರ ಬೆಳಿಗ್ಗೆ, ಪೆಟ್ಟಿಗೆ ತೂಗುವ ಕಾರ್ಯಕ್ರಮ. ಗಲ್ಫಿನಲ್ಲಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈತಕ್ಕಡಿಗೆ ಪೆಟ್ಟಿಗೆ ಸಿಕ್ಕಿಸಿ ನಾನು ಎತ್ತಿ ಹಿಡಿಯುವುದು, ಮಗಳು ಅನಘಾ ಬಗ್ಗಿ ಅಂಕಿ ಓದುವುದು.

"ಪಪ್ಪಾ, ಹಾಫ್ ಕೆಜಿ ಓವರ್," ಎಂದಳು ಅನಘಾ. "ರೋಮಿಗೆ ಯಾರು ಕುಕ್ಕರ್ ತಗೊಂಡು ಹೋಗ್ತಾರೆ? ಇಟ್ಸ್ ಸೋ ಎಂಬ್ಯಾರಸಿಂಗ್!"

ಅರ್ಧ ಕಿಲೋ ಕಡಿಮೆ ಮಾಡಬೇಕಿತ್ತು. ವಾರಿಜಾ ಪೆಟ್ಟಿಗೆ ಬಿಚ್ಚಿ ಕೈ ಹಾಕಿದಳು. ಕುಕ್ಕರ್ ಮುಟ್ಟಲಿಲ್ಲ, ಅಕ್ಕಿ ಮುಟ್ಟಲಿಲ್ಲ. ಸೀರೆಯ ಮಡಿಕೆಯಿಂದ ಒಂದು ದುರ್ಬೀನು ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ನಾನು ನೋಡಿದ್ದೇ ಆಗ. ಎತ್ತರದ ಚಾವಣಿಯ ಚಿತ್ರಗಳು ಸರಿಯಾಗಿ ಕಾಣಲಿ ಎಂದು ಎರಡು ತಿಂಗಳ ಹಿಂದೆಯೇ ತಂದಿಟ್ಟುಕೊಂಡಿದ್ದಳಂತೆ.

"ಅದ್ಯಾಕೆ ತೆಗೀತಿ?" ಎಂದೆ.

"ಕುಕ್ಕರ್ ಇಲ್ಲದಿದ್ರೆ ನಿಮಗೆ ಕಷ್ಟ ಅಲ್ವಾ," ಎಂದಳು. "ಚಿತ್ರ ನಾನು ಬರೀ ಕಣ್ಣಲ್ಲೇ ನೋಡ್ತೇನೆ, ಸಾಕು."

ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ಈ ಇಪ್ಪತ್ತೆರಡು ವರ್ಷದಲ್ಲಿ ಆಗಿರಲಿಲ್ಲ. ಏಳು ರಿವಿಷನ್ ಮಾಡಿದ್ದೆ, ಹಮೀದಾಕನಿಂದ ಹಿಡಿದು ಗುರುತಿಲ್ಲದವರ ಅಭಿಪ್ರಾಯಗಳ ತನಕ ಎಲ್ಲ ನೋಡಿದ್ದೆ. ಯಾರ ಸಹಿ ಬೇಕಿತ್ತೋ ಅವಳಿಗೆ ಮಾತ್ರ ಕಾಗದ ಕಳಿಸಿರಲಿಲ್ಲ. ಆಫೀಸಿನಲ್ಲಿ ಇಂಥ ತಪ್ಪು ಮಾಡಿದ್ದರೆ ಅದೇ ದಿನ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಕುಕ್ಕರ್ ಎತ್ತಿ ಅಡುಗೆಮನೆಯಲ್ಲಿಟ್ಟೆ. ಅಕ್ಕಿಯನ್ನು ಡಬ್ಬಿಗೆ ಸುರಿದೆ. ಫ್ಲ್ಯಾಟ್ ರದ್ದು ಮಾಡಲು ಇನ್ನೂ ಒಂದು ದಿನ ಅವಕಾಶವಿತ್ತು, ಮಾಡಿದೆ. ಲ್ಯಾಪ್‌ಟಾಪನ್ನು ವಾರಿಜಾಳ ಮುಂದಿಟ್ಟು, "ಎಲ್ಲಿ ಇರೋಣ, ಎಲ್ಲಿ ಉಣ್ಣೋಣ, ನೀನೇ ಹೇಳು," ಎಂದೆ.

ಅವಳು ಗಾಬರಿಯಿಂದ ನನ್ನನ್ನೇ ನೋಡಿದಳು. ಜ್ವರಗಿರ ಬಂದಿದೆಯೋ ಎಂದುಕೊಂಡಿರಬೇಕು. ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: "ಬೆಳಿಗ್ಗೆ ಎದ್ದು ಕೆಳಗೆ ಬಂದ್ರೆ ಯಾರಾದ್ರೂ ತಿಂಡಿ ಮಾಡಿ ಇಟ್ಟಿರ್ಬೇಕು. ಅಷ್ಟು ಸಾಕು ನನಗೆ."

ಅವಳು ಆರಿಸಿದ ಹೋಟೆಲಿನಲ್ಲಿ ಲಿಫ್ಟ್ ಇರಲಿಲ್ಲ, ಮೂರು ಮಹಡಿ ಹತ್ತಬೇಕಿತ್ತು. ಆದರೆ ಕಿಟಕಿ ತೆರೆದರೆ ಒಂದು ಚರ್ಚಿನ ಗುಮ್ಮಟ ಕಾಣುತ್ತಿತ್ತು. ಬೆಳಿಗ್ಗೆ ಕೆಳಗೆ ತಿಂಡಿ ಸಿದ್ಧವಿರುತ್ತಿತ್ತು. ಹಗಲೆಲ್ಲ ಅವಳು ದುರ್ಬೀನು ಹಿಡಿದು ಚಾವಣಿ ನೋಡುತ್ತಿದ್ದಳು, ನಾನು ಅವಳ ಚೀಲ ಹಿಡಿದು ನಿಂತಿರುತ್ತಿದ್ದೆ. ಊಟದ ಜಾಗವನ್ನೂ ಅವಳೇ ಆರಿಸುತ್ತಿದ್ದಳು. ಬಾಗಿಲಲ್ಲಿ ನಿಂತು ಒಳಗೆ ಉಣ್ಣುವವರ ಮುಖ ನೋಡಿ, "ಇಲ್ಲಿ ಹೋಗುವ, ಖುಷಿಯಲ್ಲಿ ಉಣ್ತಾ ಇದ್ದಾರೆ," ಎನ್ನುವಳು. ನನ್ನ ರಿವಿಷನ್ ಏಳಕ್ಕಿಂತ ಅದು ಒಳ್ಳೆಯ ವಿಧಾನವಾಗಿತ್ತು ಎಂದು ಒಪ್ಪಲೇಬೇಕು.

ಮೂರನೆಯ ದಿನ ಒಂದು ಪುಟ್ಟ ಊಟದ ಮನೆಗೆ ನುಗ್ಗಿದೆವು. ಅನ್ನಕ್ಕೆ ಚೀಸ್ ತುಂಬಿ, ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿದಿದ್ದರು. ಅನ್ನ! ನಾನು ಒಂದರ ಹಿಂದೊಂದು ನಾಲ್ಕು ತಿಂದೆ. ಆಮೇಲೆ ದೊಡ್ಡ ತಟ್ಟೆಯಲ್ಲಿ ಹೊಗೆಯಾಡುವ ಪಾಸ್ತಾ ಬಂತು. ವಾರಿಜಾ ಅಭ್ಯಾಸಬಲದಿಂದ ಚಮಚ ಹಿಡಿದು ನನಗೆ, ಅನಘಾಳಿಗೆ ಬಡಿಸಲು ಎದ್ದು ನಿಂತಳು. ಅಡುಗೆಯ ಬಟ್ಟೆ ಕಟ್ಟಿಕೊಂಡಿದ್ದ ಮುದುಕಿಯೊಬ್ಬಳು, ಅಂಗಡಿಯ ಯಜಮಾನಿಯೇ ಇರಬೇಕು, ಒಳಗಿನಿಂದ ಬಂದು ಅವಳ ಕೈಯಿಂದ ಚಮಚ ಕಿತ್ತುಕೊಂಡಳು. ಭುಜ ಅದುಮಿ ಕೂರಿಸಿದಳು. ಏನೋ ಬೈದಳು, ನಮಗೊಂದೂ ತಿಳಿಯಲಿಲ್ಲ. ಮೊದಲು ವಾರಿಜಾಳಿಗೇ ಬಡಿಸಿ, ಅವಳು ತುತ್ತು ಬಾಯಿಗಿಡುವ ತನಕ ಅಲ್ಲಿಂದ ಕದಲಲಿಲ್ಲ.

ವಾರಿಜಾ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಆಶ್ಚರ್ಯದಿಂದ ನನ್ನ ಕಡೆ ತಿರುಗಿದಳು.

"ಬಿಸಿ ಉಂಟು ಮಾರಾಯ್ರೆ!"

ನಾನು ತಲೆ ತಗ್ಗಿಸಿ ನನ್ನ ತಟ್ಟೆ ನೋಡಿದೆ. ನಮಗೆಲ್ಲ ಬಡಿಸಿ, ಇನ್ನಷ್ಟು ಬೇಕೇ ಎಂದು ಕೇಳಿ, ಕೊನೆಗೆ ತಾನು ಕೂರುವಷ್ಟರಲ್ಲಿ ಅವಳ ಅನ್ನ ತಣ್ಣಗಾಗಿರುತ್ತದೆ ಎಂದು ಅರ್ಥವಾಗಲು ನಾನು ರೋಮಿನ ತನಕ ಹೋಗಬೇಕಾಯಿತು.

ಈಗ ನಮ್ಮ ಮನೆಯಲ್ಲಿ ಶುಕ್ರವಾರದ ಗಂಜಿ ನನ್ನದು. ರೋಮಿಗೆ ಹೋಗದ ಅದೇ ಕುಕ್ಕರ್. ಮೊದಲ ಬಟ್ಟಲು ವಾರಿಜಾಳಿಗೆ ಬಡಿಸಿ, ನಾನು ಚಮಚ ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ, ಆ ಮುದುಕಿ ನಿಂತಂತೆ. ಒಪ್ಪಿಗೆಯ ಸಹಿಗಾಗಿ ಇಷ್ಟು ಎದೆ ಬಡಿತ ಆಫೀಸಿನಲ್ಲೂ ಆದದ್ದಿಲ್ಲ. ಹೋದ ವಾರ ಅವಳು ಒಂದು ತುತ್ತು ಉಂಡು, ಸ್ವಲ್ಪ ಯೋಚಿಸಿ ಹೇಳಿದಳು:

"ಉಪ್ಪು ಜಾಸ್ತಿ ಆಗಿದೆ. ಇರ್ಲಿ, ಬಿಸಿ ಉಂಟಲ್ಲ."