ಮುತ್ಯಾನ ಕಮಾನು, ಕಾಕಾನ ರೇಡಿಯೋ

ಬಿಸಿಲಿಗೆ ಹಾಕಿದ ಹಳೆಯ ಗಾದಿಯಿಂದ ಒಂದು ವಾಸನೆ ಏಳುತ್ತದೆ. ಕಾದ ಧೂಳು, ಒಣಗಿದ ಹತ್ತಿಬೀಜ, ಎಷ್ಟೋ ವರ್ಷಗಳ ನಿದ್ದೆ ಎಲ್ಲ ಕೂಡಿದ ವಾಸನೆ. ಮೊನ್ನೆ ಮಾಳಿಗೆಯ ಮೇಲೆ ಗಾದಿ ಝಾಡಿಸುವಾಗ ಅದು ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಕೆಳಗಿನ ಮನೆಯಲ್ಲಿ ಯಾರೋ ಎಪ್ಪತ್ತರ ದಶಕದ ಸಿನಿಮಾ ಹಾಡೊಂದನ್ನು ಹಚ್ಚಿದರು. ಪಕ್ಕದ ಮಾಳಿಗೆಯಲ್ಲಿ ಶಾವಿಗೆ ಒಣಹಾಕುತ್ತಿದ್ದ ಟೀಚರಮ್ಮ, "ಹಾಡಂದ್ರ ಆಗಿನವು ನೋಡ್ರಿ. ಈಗಿನವು ಬರೇ ಗದ್ದಲ" ಎಂದರು. ನಾನು ಸುಮ್ಮನೆ ನಕ್ಕೆ. ಆ ಹಾಡುಗಳು ಹೊಸದಾಗಿ ಬಂದಾಗ ನಮ್ಮ ಮನೆಯಲ್ಲಿ ಅವು ತಿಂದ ಬೈಗುಳ ನನಗೆ ಗೊತ್ತು. ಅವನ್ನೂ ಬರೇ ಗದ್ದಲ ಎಂದೇ ಬೈಯುತ್ತಿದ್ದರು.

ನಾವು ಪಿಂಜಾರರು, ಅರಳೆ ಹಿಂಜಿ ಗಾದಿ ಹೊಲಿಯುವವರು. ವಿಜಯಪುರದ ಕೋಟೆಗೋಡೆಗೆ ಆತುಕೊಂಡಿದ್ದ ಓಣಿಯಲ್ಲಿ ನಮ್ಮ ಮನೆ, ಪಡಸಾಲೆಯೇ ಅಂಗಡಿ. ಜಂತಿಗೆ ಕಟ್ಟಿದ ಹಗ್ಗದಲ್ಲಿ ಬಿಲ್ಲಿನಂಥ ಆಳುದ್ದದ ಕಮಾನು ತೂಗುತ್ತಿತ್ತು. ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯ ಕೊಡತಿಯಿಂದ ಅದರ ನರದ ತಂತಿಗೆ ಹೊಡೆದರೆ 'ಢಂಯ್' ಎಂದು ಸದ್ದು ಹೊರಟು, ಕೆಳಗೆ ಗಟ್ಟಿಯಾಗಿ ಬಿದ್ದಿದ್ದ ಅರಳೆ ಹಾಲಿನ ನೊರೆಯಂತೆ ಏಳುತ್ತಿತ್ತು. ಮನೆಯವರೆಲ್ಲರ ಹುಬ್ಬು ಸದಾ ಬಿಳಿ. ಆ ಮನೆಯಲ್ಲಿ ಬಿ.ಎ. ಮುಗಿಸಿದ ಮೊದಲನೆಯವಳು ನಾನು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಗ್ಗಿ ಬಾಯಿಪಾಠ ಮಾಡಿದ್ದು ಆ ಢಂಯ್ ಸದ್ದಿನ ಜೊತೆಗೇ. ಇಂದಿಗೂ ತೀರ ಸದ್ದಿಲ್ಲದ ಕಡೆ ನನಗೆ ಓದು ತಲೆಗೆ ಹತ್ತುವುದಿಲ್ಲ.

ಆ ಪಡಸಾಲೆಗೆ ನಮ್ಮ ರಾಜಾ ಕಾಕಾ ಒಂದು ರೇಡಿಯೋ ತಂದಿಟ್ಟ. ಕಾಕಾ ಅಪ್ಪನ ತಮ್ಮ, ಇನ್ನೂ ಮದುವೆಯಾಗದವ, ಮುತ್ಯಾನ ಜೊತೆ ಗಾದಿ ಹೊಲಿಯುವವ. ಮುಂಜಾನೆ ಹಳೆಯ ಹಾಡು ಬರುತ್ತಿದ್ದವು, ಮಧ್ಯಾಹ್ನ ಹೊಸವು. ಹಳೆಯ ಹಾಡಿಗೆ ಮುತ್ಯಾನ ಕೊಡತಿ ತಾನಾಗಿ ಕೂಡಿಕೊಳ್ಳುತ್ತಿತ್ತು. ಮಧ್ಯಾಹ್ನ ಡ್ರಮ್ಮು, ಗಿಟಾರು ಶುರುವಾದರೆ ಸಾಕು, ಅವನ ಮುಖ ಗಂಟಿಕ್ಕುತ್ತಿತ್ತು.

"ಇದೇನ್ ಹಾಡೋ ರಾಜಾ? ಬೆನ್ನಿಗೆ ನಾಯಿ ಬಿದ್ದಂಗ ಓಡತಾನಲ್ಲೋ ಹಾಡಾವಾ."

"ನಿನ್ನ ಹಾಡಿನಾಗ ಒಂದ್ ಸಾಲ ಮುಗಿಯೂದ್ರಾಗ ಚಾ ಕುಡದ ಬರಬಹುದು ಯಪ್ಪಾ."

"ಕೈಗೆ ಉಸಿರಾಡಾಕ ಬಿಡಬೇಕಲೇ ಹಾಡು. ಬಿಡಲಿಲ್ಲಂದ್ರ ಅರಳಿ ಗಂಟ ಆಗತೈತಿ."

ಒಳಗಿನಿಂದ ಆಯಿ, ಮುತ್ಯಾನ ಹೆಂಡತಿ, ಕೂಗುತ್ತಿದ್ದಳು: "ನೀವಿಬ್ರೂ ಬಾಯಿ ಮುಚ್ಚಿದ್ರ ನಾನರ ಒಂದ್ ಹಾಡ ಕೇಳತೀನಿ!"

ಈ ವಾದ ಒಂದು ಪಂದ್ಯಕ್ಕೆ ಹೋಗಿ ನಿಂತಿತು. ಬಿಜ್ಜರಗಿಯ ನಿಂಗವ್ವ ಎಂಬ ಮುದುಕಿ ತನ್ನ ಮೊಮ್ಮಗಳ ಮದುವೆಗೆ ಎರಡು ಗಾದಿ ಹೇಳಿದ್ದಳು. ಅವರದೇ ಹೊಲದ ಅರಳೆ, ಹಿಂಜುವುದು ಅವರ ಮನೆಯಲ್ಲೇ. ಕಾಕಾ ಹೇಳಿದ: ಒಂದು ಗಾದಿಯ ಅರಳೆಯನ್ನು ಹಳೆಯ ಹಾಡಿಗೆ, ಇನ್ನೊಂದರದನ್ನು ಹೊಸ ಹಾಡಿಗೆ ಹಿಂಜೋಣ, ಯಾವುದು ಮೆತ್ತಗೆ ಎಂದು ನಿಂಗವ್ವನೇ ಹೇಳಲಿ. ಮುತ್ಯಾ ಕೆಣಕಿದ ಹೋರಿಯಂತೆ ಎದ್ದು ನಿಂತ. "ಎರಡೂ ನಾನ ಹಿಂಜತೀನಿ. ಕೈ ಒಂದ, ಹಾಡ ಎರಡು. ಗೊತ್ತಾಗಲಿ ನಿನಗ."

ಕಮಾನನ್ನು ಬಸ್ಸಿನ ಮೇಲೆ ಕಟ್ಟಿ ತಿಕೋಟಾದವರೆಗೆ ಹೋದೆವು, ಅಲ್ಲಿಂದ ನಿಂಗವ್ವ ಕಳಿಸಿದ ಚಕ್ಕಡಿ. ಅರಳೆಯ ಕಸ ಆರಿಸಲು ನನ್ನನ್ನು ಕರೆದುಕೊಂಡಿದ್ದರು. ರೇಡಿಯೋ ನನ್ನ ತೊಡೆಯ ಮೇಲಿತ್ತು. ಆಗ ನನಗೆ ಒಂಬತ್ತು ವರ್ಷ. ಹಿಂದಿನ ದಿನವೇ ಅದಕ್ಕೆ ಹೊಸ ಸೆಲ್ಲು ತಂದು ಹಾಕಿದವಳೂ ನಾನೇ.

ಮುಂಜಾನೆ ಬೇವಿನ ಗಿಡದ ಕೊಂಬೆಗೆ ಕಮಾನು ಕಟ್ಟಿ ಮುತ್ಯಾ ಮೊದಲನೆಯ ಗಾದಿಯ ಅರಳೆಯನ್ನು ಹಾಡಿನ ಜೊತೆಗೆ ತಾನೂ ಗುನುಗುತ್ತ ಹಿಂಜಿದ. ಮಧ್ಯಾಹ್ನ ಹೊಸ ಹಾಡು ಬಂದವು. ಮೊದಲ ಹಾಡನ್ನು ಮುತ್ಯಾ ಹಲ್ಲು ಕಚ್ಚಿ ಹಿಡಿದ. ಎರಡನೆಯದಕ್ಕೆ ಕೊಡತಿ ಅರ್ಧ ಹೆಜ್ಜೆ ಹಿಂದೆ ಬಿತ್ತು. ಮೂರನೆಯದಕ್ಕೆ ಅವನ ತೋಳು ನಡುಗಲು ಶುರುವಾಯಿತು. ಏಟು ತಂತಿಗೆ ಬೀಳದೆ ಕಟ್ಟಿಗೆಗೆ ಬಿದ್ದು 'ಟಕ್' ಎಂದಿತು. ಕಾಕಾ ತಲೆ ಎತ್ತಿ ನೋಡಿದ. ಪಂದ್ಯ ಗೆಲ್ಲುವವರ ಮುಖ ಆಗಿರಲಿಲ್ಲ ಅವನದು. ಎದ್ದು ಬಂದು ನನ್ನ ಕೈಯಿಂದ ರೇಡಿಯೋ ಕಸಿದುಕೊಂಡ, ಬೆನ್ನು ನಮ್ಮ ಕಡೆ ಮಾಡಿ ಗುಂಡಿ ತಿರುವಿದ. ಹಾಡು ನಿಂತಿತು.

"ಥೂ ಇದರ! ಸೆಲ್ ಹೋದ್ವು ಯಪ್ಪಾ. ಪಂದ್ಯ ಅಲ್ಲಿಗೆ ಮುಗೀತು."

ಸಾಲೆಯಲ್ಲಿ ಖರೇ ಹೇಳಬೇಕೆಂದು ಕಲಿತಿದ್ದ ಹುಡುಗಿ ನಾನು. "ಇಲ್ಲ ಕಾಕಾ! ಅವು ಹೊಸಾವು, ನಿನ್ನೇನ ಹಾಕೀನಿ!" ಎಂದುಬಿಟ್ಟೆ.

ಮುತ್ಯಾನ ಉಸಿರು ಸಿಳ್ಳೆ ಹಾಕಿದಂತೆ ಕೇಳುತ್ತಿತ್ತು. ಅವನು ನನ್ನನ್ನು ನೋಡಿದ, ಮಗನನ್ನು ನೋಡಿದ, ಆಮೇಲೆ ಕೊಡತಿಯನ್ನು ಕಾಕಾನ ಕೈಗೆ ಕೊಟ್ಟು ನೆರಳಿಗೆ ಹೋಗಿ ಕೂತ. ಆಡಬಾರದ ಮಾತು ಆಡಿದೆ ಎಂದು ತಿಳಿಯಲು ಅವನ ಮುಖ ಸಾಕಾಯಿತು. ಹೊಸ ಹಾಡಿನ ಮೇಲೆ ಅವನಿಗಿದ್ದ ಸಿಟ್ಟು ಹಾಡಿನದಲ್ಲ, ತೋಳಿನದು. ಅದನ್ನು ಅವನು ಎಷ್ಟು ದಿನದಿಂದ ಮುಚ್ಚಿಟ್ಟುಕೊಂಡಿದ್ದನೋ. ಉಳಿದ ಅರಳೆಯನ್ನು ಕಾಕಾ ಹಿಂಜಿದ, ರೇಡಿಯೋ ಇಲ್ಲದೆ. ಗಾದಿ ಹೊಲಿದು ಮುಗಿದ ಮೇಲೆ ನಿಂಗವ್ವ ಎರಡನ್ನೂ ಅಂಗೈಯಿಂದ ಒತ್ತಿ ನೋಡಿ, ಎರಡನೆಯದರ ಮೇಲೆ ಕೈ ಇಟ್ಟು, "ಹಾಡ ಯಾವ್ದೋ ನನಗ ತಿಳಿಯಂಗಿಲ್ರೆಪಾ. ಆದ್ರ ಇದರಾಗ ಇಬ್ಬರ ಕೈ ಆಡ್ಯಾವು" ಎಂದಳು.

ಅಂದಿನಿಂದ ಮುತ್ಯಾ ಕಮಾನು ಮುಟ್ಟಲಿಲ್ಲ. ನನ್ನ ಮೇಲೆ ಸಿಟ್ಟಾಗಲೂ ಇಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಎರಡು ವರ್ಷದ ಮೇಲೆ ಕಾಕಾ ಅರಳೆ ಹಿಂಜುವ ಮಷೀನು ತಂದ. ಅದರ ಗರ್ರೆನ್ನುವ ಸದ್ದಿನಲ್ಲಿ ಹಳೆಯ ಹಾಡೂ ಕೇಳಿಸುತ್ತಿರಲಿಲ್ಲ, ಹೊಸದೂ ಕೇಳಿಸುತ್ತಿರಲಿಲ್ಲ. ಯಾರೂ ಗೆಲ್ಲದೆ ಜಗಳ ನಿಂತುಹೋಯಿತು. ಗೋಡೆಯ ಗೂಡಿನಲ್ಲಿ ರೇಡಿಯೋ ಅರಳೆ ಮೆತ್ತಿಕೊಂಡು ಕೂತಿತು.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಕೂಗಿದ: "ರಾಜಾ, ಮಷೀನ್ ನಿಂದರಸೋ. ನಿನ್ನ ಹೊಸಾ ಹಾಡ ಹಚ್ಚು."

ಕಾಕಾ ಬಿಳಿ ಹುಬ್ಬು ಹೊತ್ತು ಹೊರಗೆ ಬಂದ. "ಓಡೂ ಹಾಡ ಬ್ಯಾಡ ಅಂತಿದ್ದೆಲ್ಲ?"

"ಓಡಲಿ ತಗೋ. ಈಗ ನಾ ಅದರ ಬೆನ್ನ ಹತ್ತಿ ಓಡಬೇಕಾಗಿಲ್ಲಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಸೆಲ್ ಅದಾವಿಲ್ಲೋ ನೋಡವ್ವಾ. ನಿನಗ ಎಲ್ಲಾ ಗೊತ್ತಿರತೈತಿ" ಎಂದು ಕಣ್ಣು ಕಿರಿದು ಮಾಡಿ ನಕ್ಕ. ಈ ಸಲ ಅವು ಖರೇನೇ ಹೋಗಿದ್ದವು. ಅಂಗಡಿಗೆ ಓಡಿಹೋಗಿ ತಂದು ಹಾಕಿದೆ. ಹಾಡು ಬಂದಾಗ ಮುತ್ಯಾನ ಬೆರಳು ಅವನ ಮೊಳಕಾಲ ಮೇಲೆ ತಾಳ ಹಾಕತೊಡಗಿದವು. ಅಷ್ಟು ಜೋರಿನ ಹಾಡು, ಒಂದು ಏಟೂ ತಪ್ಪಲಿಲ್ಲ. ಕಾಕಾ ಬಾಗಿಲಲ್ಲೇ ನಿಂತಿದ್ದ. ಹಾಡು ಮುಗಿಯುವ ತನಕ ಮಷೀನು ಶುರು ಮಾಡಲಿಲ್ಲ.

ಈಗ ಆ ಓಣಿಯಲ್ಲಿ ನಮ್ಮವರು ಯಾರೂ ಇಲ್ಲ. ಮೊನ್ನೆ ಕೆಳಗಿನ ಮನೆಯಿಂದ ಬಂದದ್ದು ಮುತ್ಯಾ ತಾಳ ಹಾಕಿದ ಅದೇ ಹಾಡು. ಅದು ಮುಗಿಯುವ ತನಕ ನಾನೂ ಗಾದಿ ಝಾಡಿಸದೆ ನಿಂತೆ.

"ಛಲೋ ಐತಲ್ರಿ ಹಾಡು?" ಟೀಚರಮ್ಮ ಕೇಳಿದರು.

"ಛಲೋ ಐತ್ರಿ" ಎಂದೆ. "ನಮ್ಮ ಮುತ್ಯಾಗೂ ಸೇರಿತ್ತು."