ಸ್ಲೈಡಿನ ಎಡಬಲ

ನಾನು ಇಂದಿಗೂ ಕಪ್ಪುಬಿಳುಪಿನ ಸ್ಲೈಡ್ ಫಿಲ್ಮಿನಲ್ಲೇ ಫೋಟೊ ತೆಗೆಯುತ್ತೇನೆ. ಇದನ್ನು ಚಟವೆನ್ನಲು ಮನಸ್ಸಿಲ್ಲ, ವ್ರತವೆನ್ನೋಣ. ಮನೆಯವರ ಸಹನೆ ಎರಡಕ್ಕೂ ಬೇಕು.

ಸಾಧಾರಣ ಫಿಲ್ಮಿಗೆ ನೆಗೆಟಿವ್ ಎಂಬ ಪೂರ್ವಾಶ್ರಮವಿದೆ. ಸ್ಲೈಡಿಗೆ ಅದಿಲ್ಲ. ಕ್ಯಾಮೆರಾದೊಳಗೆ ಕೂತ ಫಿಲ್ಮೇ ರಾಸಾಯನಿಕಗಳಲ್ಲಿ ಮಿಂದು ಚಿತ್ರವಾಗಿ ಏಳುತ್ತದೆ. ನಡುವೆ ಒಮ್ಮೆ ಬೇಕೆಂದೇ ಅದಕ್ಕೆ ಬೆಳಕು ತೋರಿಸಬೇಕು. ಹೀಗಾಗಿ, ಫಿಲ್ಮು ತೊಳೆಯುವಾಗ ನನ್ನ ಕತ್ತಲಕೋಣೆಯಾಗುವ ಬಚ್ಚಲಿನ ಬಾಗಿಲು ತೆರೆದರೆ ಪ್ರಳಯವೆಂದು ಹೆಂಡತಿಯನ್ನು ಗದರುವ ನಾನೇ ಹತ್ತು ನಿಮಿಷದಲ್ಲಿ “ಲೈಟು ಹಾಕೇ!” ಎಂದು ಒಳಗಿನಿಂದ ಕೂಗುತ್ತೇನೆ. “ನಿಮಗೇ ಗೊತ್ತಿಲ್ಲ ಏನು ಬೇಕೂಂತ” ಎಂಬುದು ಅವಳ ತೀರ್ಪು.

ಮೊನ್ನೆ ಭಾನುವಾರ ಬೆಳಿಗ್ಗೆ ಪ್ರೊಜೆಕ್ಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಂದಿವಲಿಯಿಂದ ಪವಾಯಿಗೆ ರಿಕ್ಷಾದಲ್ಲಿ ಹೋದೆ. ಅಕ್ಕನ ಮಗ ಸುಧೀರನಿಗೆ ಹೆಣ್ಣು ನೋಡುವ ಶಾಸ್ತ್ರ. ಬಾಂದ್ರಾದಲ್ಲಿ ಹೋಟೆಲು ನಡೆಸುವ ಅವನಿಗೆ ಮಾತು ಬರುವುದು ಅಪರೂಪ. ಅವನ ಬದಲಿಗೆ ಅವನು ದೋಸೆ ಹೊಯ್ಯುವ ಚಿತ್ರವೇ ಮಾತಾಡಲಿ ಎಂಬುದು ನನ್ನ ಘನ ಯೋಜನೆ. “ಫೋನಲ್ಲಿ ಕಳಿಸಿದ್ರೆ ಸಾಕಲ್ವಾ ಮಾಮ?” ಎಂದವನನ್ನು ಕನಿಕರದಿಂದ ನೋಡಿದ್ದೆ.

ಹುಡುಗಿಯ ಮನೆಯಲ್ಲಿ ಕಿಟಕಿಯ ಪರದೆ ಎಳೆದು, ಗೋಡೆಗೆ ಬೆಡ್‌ಶೀಟ್ ಕಟ್ಟಿದೆವು. ಸುಧೀರ ಮೂಡಿದ. ಕಾವಲಿಯ ಹೊಗೆ ಬೆಳ್ಳಿಯಂತೆ ಸುರುಳಿ ಸುತ್ತಿತ್ತು. ನಾನು ಆನಂದದಲ್ಲಿ ಮುಳುಗಿರುವಾಗ ಹುಡುಗಿಯ ಅಜ್ಜಿಯ ದನಿ ಬಂತು: “ಎಂತ ಮಾರಾಯ್ರೆ, ಹುಡುಗ ಎಡಚನಾ? ಬಡಿಸುವ ಮನೆತನದಲ್ಲಿ ಎಡಗೈಯಾ?”

ಕತ್ತಲಲ್ಲೂ ಅಕ್ಕನ ದೃಷ್ಟಿ ನನ್ನನ್ನು ಸುಟ್ಟಿತು. ಸ್ಲೈಡನ್ನು ಹಿಂದುಮುಂದಾಗಿ ತುರುಕಿದ್ದೆ! ಬೆವರುತ್ತಾ ಹೊರಗೆಳೆದು ತಿರುಗಿಸಿ ಹಾಕಿದೆ. ಸೌಟು ಬಲಗೈಗೆ ದಾಟಿತು. ಎಲ್ಲರೂ ಉಸಿರು ಬಿಟ್ಟರು. ಒಂದು ಮದುವೆ ಉಳಿಸಿದ ಹೆಮ್ಮೆ ನನಗೆ.

“ಅರೇ ಅಂಕಲ್, ಪೆಹಲೇವಾಲಾ ಅಚ್ಛಾ ಥಾ!” ಹುಡುಗಿ ನಿಶಾ ಎದ್ದು ನಿಂತಿದ್ದಳು. “ಮೊದ್ಲಿಂದೇ ಚೆನ್ನಾಗಿತ್ತು. ನಾನು ಲೆಫ್ಟಿ. ಮಮ್ಮಿ ಹೇಳ್ಬೇಡ ಅಂದ್ರು. ಇವ್ರೂ ಲೆಫ್ಟಿ ಅಂತ ಎಷ್ಟು ಖುಷ್ ಆಗಿದ್ದೆ ಗೊತ್ತಾ?”

ಅವಳ ತಾಯಿ ಕಿಟಕಿಯ ಪರದೆಯ ನೆರಿಗೆಗಳನ್ನು ಎಣಿಸತೊಡಗಿದರು. ಆಗ ಸುಧೀರ ಆ ದಿನದ ಮೊದಲ ಪೂರ್ಣ ವಾಕ್ಯ ನುಡಿದ: “ಬಲಗೈ ಸೋತ್ರೆ ನಾನು ಎಡಗೈಯಲ್ಲೂ ಹೊಯ್ತೇನೆ.”

ನಿಶಾ ಕಿಲಕಿಲ ನಕ್ಕಳು. ಅಜ್ಜಿ ಮೊಮ್ಮಗಳನ್ನೂ ಹುಡುಗನನ್ನೂ ಒಂದು ಕ್ಷಣ ತೂಗಿ ನೋಡಿ, ನನ್ನತ್ತ ತಿರುಗಿದರು: “ದೋಸೆಗೆ ಯಾವ ಕೈಯಂತ ಗೊತ್ತಾಗ್ತದಾ? ಆ ಮೊದ್ಲಿನ ಹಾಗೇ ಹಾಕಿ ಮಾರಾಯ್ರೆ. ಅವಳು ನೋಡ್ಲಿ.”

ಛಾಯಾಚಿತ್ರ ಸುಳ್ಳು ಹೇಳುವುದಿಲ್ಲವೆಂದು ಜೀವಮಾನವಿಡೀ ವಾದಿಸಿದ ನಾನು, ಗಂಟಲು ಸರಿಮಾಡಿಕೊಂಡು, ಪರಮ ಭಕ್ತಿಯಿಂದ ಸ್ಲೈಡನ್ನು ತಪ್ಪಾಗಿ ಹಾಕಿದೆ.